ಹೊರನಾಡಿನ ಮಕ್ಕಳಿಗೆ ಮನೆಮಾತಿನ ಪಾಠ

ಯುರೋಪಿನ ಉತ್ತರದ ಅಂಚಿನಲ್ಲಿ, ಕಾಡು ಮತ್ತು ಸರೋವರಗಳ ನಡುವೆ, ಫಿನ್ಲೆಂಡ್ ಎಂಬ ದೇಶವಿದೆ. ಅಲ್ಲಿಯ ಒಟ್ಟು ಜನಸಂಖ್ಯೆ ಐವತ್ತಾರು ಲಕ್ಷದ ಆಸುಪಾಸು. 2011ರ ಜನಗಣತಿಯ ವೇಳೆಗೇ ನಮ್ಮ ಬೆಂಗಳೂರು ನಗರವೊಂದರಲ್ಲಿ ಎಂಬತ್ತು ಲಕ್ಷಕ್ಕೂ ಮಿಕ್ಕಿ ಜನರಿದ್ದರು. ಇಷ್ಟು ಸಣ್ಣದೊಂದು ಜನಸಮುದಾಯ ತನ್ನ ನುಡಿಯ ವಿಷಯದಲ್ಲಿ ಮಾಡಿಕೊಂಡಿರುವ ಏರ್ಪಾಟು, ಕನ್ನಡದ ಪಾಠ ಹೇಳಿ ನಿವೃತ್ತನಾದ ನನ್ನಂಥವನಿಗೆ ಬಹಳ ಕುತೂಹಲಕರವಾಗಿ ಕಂಡಿದೆ.

ಏರ್ಪಾಟು ಇಷ್ಟೆ. ಹೊಟ್ಟೆಪಾಡಿಗಾಗಿಯೋ ಮದುವೆಯ ಕಾರಣದಿಂದಲೋ ಹೊರದೇಶಗಳಲ್ಲಿ ನೆಲಸಿದ ಫಿನ್ನರ ಮಕ್ಕಳಿಗಾಗಿ ಪ್ರಪಂಚದ ನೂರಕ್ಕೂ ಹೆಚ್ಚು ಊರುಗಳಲ್ಲಿ ‘ಸುಓಮಿ ಶಾಲೆ’ಗಳಿವೆ. ಸುಓಮಿ ಎಂದರೆ ಅವರ ಮಾತಿನಲ್ಲಿ ಅವರ ದೇಶದ ಹೆಸರು. ಶಾಲೆಯೆಂದರೆ ಕಟ್ಟಡ, ಗಂಟೆ, ಹಾಜರಿ ಪುಸ್ತಕಗಳ ಶಾಲೆಯಲ್ಲ. ವಾರಕ್ಕೊಮ್ಮೆ ಅಥವಾ ಹದಿನೈದು ದಿನಕ್ಕೊಮ್ಮೆ, ಎರಡು ಗಂಟೆಗಳ ಕಾಲ, ತಂದೆತಾಯಿಗಳೇ ಕೂಡಿ ನಡೆಸುವ ಪಾಠ. ಹಾಡು, ಕತೆ, ಆಟ, ಹಬ್ಬದ ಅಡುಗೆ, ನಡುವೆ ಒಂದಿಷ್ಟು ಓದು ಬರೆಹ. ಇದಕ್ಕೆ ಅವರ ಸರ್ಕಾರ ಸಹಾಯಧನ ಕೊಡುತ್ತದೆ. ಶಾಲೆಯೇ ಇಲ್ಲದ ಊರಿನಲ್ಲಿರುವ ಮಕ್ಕಳಿಗೆ ದೂರದಿಂದಲೇ ಕಲಿಸುವ ಸಂಸ್ಥೆಯೊಂದಿದೆ. ಅದರ ಹೆಸರು ‘ಕುಲ್ಕುರಿ’. ಅಲೆಮಾರಿ ಎಂದು ಅರ್ಥ. ಹೆಸರಿಟ್ಟವರಿಗೆ ಹಾಸ್ಯಪ್ರಜ್ಞೆ ಇದ್ದಿರಬೇಕು.

ಈ ಜಾಗ್ರತೆಗೆ ಇತಿಹಾಸದ ಕಾರಣವೂ ಇದೆ. ಆ ನಾಡು ಸುಮಾರು ಆರು ಶತಮಾನಗಳ ಕಾಲ ಸ್ವೀಡನ್ನಿಗೂ, ಆಮೇಲೆ 1809ರಿಂದ 1917ರವರೆಗೆ ರಷ್ಯದ ಚಕ್ರವರ್ತಿಗಳಿಗೂ ಅಧೀನವಾಗಿತ್ತು. ಕಚೇರಿಯಲ್ಲಿ, ವಿದ್ಯಾಪೀಠದಲ್ಲಿ ಸ್ವೀಡಿಷ್ ಭಾಷೆ. ಫಿನ್ನಿಷ್ ರೈತರ ಮಾತು, ಅಡುಗೆಮನೆಯ ಮಾತು. ಅದಕ್ಕೆ ಸ್ವೀಡಿಷಿನ ಸಮಾನ ಸ್ಥಾನ ಬರಬೇಕೆಂಬ ರಾಜಾಜ್ಞೆ ಹೊರಟದ್ದು 1863ರಲ್ಲಿ. ಆ ಭಾಷೆಯಲ್ಲಿ ಅಚ್ಚಾದ ಮೊದಲ ಪುಸ್ತಕ ಯಾವುದು ಬಲ್ಲಿರಾ? ಮಿಕಾಯೆಲ್ ಅಗ್ರಿಕೊಲ ಎಂಬ ಪಾದ್ರಿ 1543ರಲ್ಲಿ ಹೊರತಂದ ಅಕ್ಷರಮಾಲೆ. ಸಾಹಿತ್ಯ ಬಂದು ಆಮೇಲೆ ಶಾಲೆ ಬಂದದ್ದಲ್ಲ; ಮಕ್ಕಳ ಓದಿನ ಪುಸ್ತಕದಿಂದಲೇ ಆ ಬರೆಹದ ಬಾಳು ಮೊದಲಾಯಿತು. ಹಲ್ಮಿಡಿಯ ಶಾಸನದಿಂದ ಹಿಡಿದು ಸಾವಿರದೈನೂರು ವರ್ಷಗಳ ಲೆಕ್ಕ ಹೇಳುವ ನಮಗೆ ಇದು ಎಳೆಯ ಭಾಷೆಯೆಂದು ತೋರಬಹುದು. ಆದರೆ ಹಳೆಯ ಆಸ್ತಿವಂತರ ಮನೆಯಲ್ಲಿ ಲೆಕ್ಕಪತ್ರ ಸಡಿಲವಾಗಿರುವುದನ್ನೂ, ಹೊಸದಾಗಿ ನೆಲೆ ಕಂಡವನು ಕಾಸಿಗೆ ಕಾಸು ಜೋಪಾನ ಮಾಡುವುದನ್ನೂ ನಾವು ಎಷ್ಟೋ ಕಡೆ ಕಂಡಿದ್ದೇವೆ.

ಹೊಳಲ್ಕೆರೆಯಲ್ಲಿ ಕುಳಿತವನಿಗೆ ಫಿನ್ಲೆಂಡಿನ ಮಾತೇಕೆ ಎಂದು ಓದುಗರು ಕೇಳಬಹುದು. ಕಾರಣ ಸರಳ. ಕಳೆದ ಮೂವತ್ತು ವರ್ಷಗಳಲ್ಲಿ ಹೊಸದುರ್ಗದ ತೆಂಗಿನ ತೋಟಗಳಿಂದ, ಹಿರಿಯೂರಿನ ನಾಲೆಯ ಬಯಲಿನಿಂದ, ನಮ್ಮ ಕಡೆಯ ಅಡಿಕೆ ಮತ್ತು ಮೆಕ್ಕೆಜೋಳದ ಹೊಲಗಳಿಂದ ಎದ್ದ ಹುಡುಗರು ಇಂಜಿನಿಯರುಗಳಾಗಿ ಹೊರದೇಶಕ್ಕೆ ಹೋದರು. ನನ್ನ ಕೈಯಲ್ಲಿ ಸಂಧಿ ಸಮಾಸ ಕಲಿತವರೂ ಅವರಲ್ಲಿದ್ದಾರೆ. ಈಗ ಅವರ ಮಕ್ಕಳು ಶಾಲೆಗೆ ಹೋಗುತ್ತಿವೆ. ಅವರಲ್ಲೊಬ್ಬ, ಅಮೆರಿಕದ ಡಲ್ಲಾಸ್ ನಗರದ ಬಳಿ ಇರುವವನು, ‘ನನಗೆ ಕಲಿಸಿದಂತೆ ನನ್ನ ಮಗಳಿಗೂ ಕಲಿಸಿ’ ಎಂದು ಕೇಳಿದ. ಹೀಗೆ ಭಾನುವಾರ ರಾತ್ರಿ ಏಳೂವರೆಗೆ ನನ್ನ ಹಳೆಯ ಮೇಜಿನ ಮೇಲೆ ಮೊಬೈಲನ್ನು ನಿಘಂಟಿಗೆ ಒರಗಿಸಿಟ್ಟು ಪಾಠ ಹೇಳುವ ಕೆಲಸ ಶುರುವಾಯಿತು. ಬೇಸಿಗೆಯಲ್ಲಿ ಅದು ಅವರಿಗೆ ಬೆಳಗಿನ ಒಂಬತ್ತು ಗಂಟೆ. ಒಬ್ಬಳಿದ್ದವಳು ಈಗ ಅವಳ ಗೆಳತಿಯರನ್ನೂ ಕೂಡಿಸಿಕೊಂಡು ಆರು ಮಂದಿಯಾಗಿದ್ದಾರೆ.

ಕನ್ನಡದವರಲ್ಲಿ ಈ ಉದ್ಯಮ ಹೊಸದಲ್ಲ. ಉತ್ತರ ಕ್ಯಾಲಿಫೋರ್ನಿಯಾದ ಕನ್ನಡ ಕೂಟ 1973ರಷ್ಟು ಹಿಂದಿನದು. ಅಮೆರಿಕದ ಕೂಟಗಳೆಲ್ಲ ಸೇರಿ 1998ರಲ್ಲಿ ‘ಅಕ್ಕ’ ಎಂಬ ಒಕ್ಕೂಟ ಕಟ್ಟಿಕೊಂಡವು; 2000ದಲ್ಲಿ ಹ್ಯೂಸ್ಟನ್ನಿನಲ್ಲಿ ಅದರ ಮೊದಲ ಸಮ್ಮೇಳನವಾಯಿತು. ಕ್ಯಾಲಿಫೋರ್ನಿಯಾದಲ್ಲಿ ‘ಕನ್ನಡ ಕಲಿ’ ಎಂಬ ವಾರಾಂತ್ಯದ ತರಗತಿಗಳು ಬೆಳೆದವು. ದುಬೈಯಲ್ಲಿ ಅಲ್ಲಿಯ ಕನ್ನಡಿಗರು ಶುಲ್ಕವಿಲ್ಲದೆ ಕನ್ನಡ ಪಾಠಶಾಲೆ ನಡೆಸುತ್ತಾ ಬಂದಿದ್ದಾರೆ. ಸಮ್ಮೇಳನದ ವೈಭವ ಪತ್ರಿಕೆಗಳಲ್ಲಿ ಚಿತ್ರಸಹಿತವಾಗಿ ಬರುತ್ತದೆ. ಆದರೆ ಯಾರದೋ ಮನೆಯ ನೆಲಮಾಳಿಗೆಯಲ್ಲಿ, ಊರಿನ ಪುಸ್ತಕಾಲಯದ ಬಾಡಿಗೆ ಕೋಣೆಯಲ್ಲಿ, ಐದು ದಿನ ಕಚೇರಿಯಲ್ಲಿ ದುಡಿದ ತಾಯಂದಿರು ಆರನೆಯ ದಿನ ನಿಂತು ‘ಕ ಕಾ ಕಿ ಕೀ’ ಹೇಳಿಸುವುದು ಸುದ್ದಿಯಾಗುವುದು ಕಡಮೆ. ನನ್ನ ಗೌರವವೆಲ್ಲ ಈ ತಾಯಂದಿರಿಗೆ.

ಎಲ್ಲೆಡೆಯೂ ಸೌಕರ್ಯ ಒಂದೇ ಬಗೆಯಲ್ಲ. ಸಿಂಗಾಪುರದ ಶಾಲೆಗಳಲ್ಲಿ ಮಕ್ಕಳು ಇಂಗ್ಲಿಷಿನ ಜೊತೆಗೆ ಒಂದು ಮಾತೃಭಾಷೆಯನ್ನೂ ಕಲಿತು ಪರೀಕ್ಷೆ ಕೊಡಬೇಕು. ಭಾರತೀಯ ಭಾಷೆಗಳಲ್ಲಿ ಮೊದಲಿಂದಲೂ ತಮಿಳಿತ್ತು. 1990ರ ಈಚೆಗೆ ಹಿಂದಿ, ಬಂಗಾಳಿ, ಪಂಜಾಬಿ, ಗುಜರಾತಿ, ಉರ್ದುಗಳೂ ಸೇರಿದವು. ಕನ್ನಡ ಆ ಪಟ್ಟಿಯಲ್ಲಿಲ್ಲ. ಆದ್ದರಿಂದ ಅಲ್ಲಿಯ ಕನ್ನಡದ ಮಗು ‘ಮಾತೃಭಾಷೆ’ ಎಂಬ ಶಿರೋನಾಮೆಯ ಕೆಳಗೆ ತನ್ನ ತಾಯಿ ಆಡದ ಭಾಷೆಯನ್ನು ಕಲಿಯುತ್ತದೆ. ಫಿನ್ಲೆಂಡಿನವರು ತಮ್ಮಲ್ಲಿಗೆ ವಲಸೆ ಬಂದ ಪರದೇಶದ ಮಕ್ಕಳಿಗೂ ಅವರವರ ಮನೆಮಾತನ್ನು ವಾರಕ್ಕೆ ಎರಡು ಗಂಟೆ ಕಲಿಸುವ ಪದ್ಧತಿ ಇಟ್ಟುಕೊಂಡಿದ್ದಾರೆ. ನಾಲ್ಕು ಮಕ್ಕಳು ಕೂಡಿದರೆ ಸಾಕು, ಸರ್ಕಾರದ ಹಣ ದೊರೆಯುತ್ತದೆ. ನಾಲ್ಕು ಮಕ್ಕಳು! ನಮ್ಮಲ್ಲಿ ನಾಲ್ಕೇ ಮಕ್ಕಳಿರುವ ಶಾಲೆಯೆಂದರೆ ಮುಚ್ಚುವ ಮಾತೇ ಮೊದಲು ಬರುತ್ತದೆ.

ಇನ್ನು ಪಾಠದ ವಿಷಯ. ಕನ್ನಡವನ್ನು ಮೊದಲ ಮಾತಾಗಿ ಆಡುತ್ತಾ ಬರುವ ಮಗುವಿಗೆ ಕಲಿಸುವುದು ಬೇರೆ, ಕಿವಿಯಲ್ಲಿ ಮಾತ್ರ ಕನ್ನಡವಿದ್ದು ನಾಲಗೆಯ ಮೇಲೆ ಇಂಗ್ಲಿಷಿರುವ ಮಗುವಿಗೆ ಕಲಿಸುವುದು ಬೇರೆ. ಹೊರನಾಡಿನ ತರಗತಿಗಳಲ್ಲಿ ಬಹುಮಟ್ಟಿಗೆ ‘ಅ ಆ ಇ ಈ’ಯಿಂದಲೇ ಆರಂಭಿಸುತ್ತಾರೆ. ‘ಌ’ಕಾರವನ್ನೂ ಬಿಡದೆ ತಿದ್ದಿಸುವವರನ್ನು ನಾನು ಬಲ್ಲೆ. ಮಗು ಐವತ್ತು ಆಕೃತಿಗಳನ್ನು ಕಲಿತು ಒಂದು ವರ್ಷ ಕಳೆದರೂ ಒಂದು ಪದವನ್ನು ಓದಿದ ಸುಖ ಕಾಣುವುದಿಲ್ಲ. ನಮ್ಮ ನಾಡಿನ ‘ನಲಿ ಕಲಿ’ ಪದ್ಧತಿ, 1995ರಲ್ಲಿ ಹೆಗ್ಗಡದೇವನಕೋಟೆಯಲ್ಲಿ ಮೊದಲಾದದ್ದು, ಇದಕ್ಕಿಂತ ಜಾಣತನದ್ದು. ಅದು ‘ರ ಗ ಸ ದ ಅ’ ಎಂಬ ಐದು ಅಕ್ಷರಗಳಿಂದ ಹೊರಡುತ್ತದೆ. ಬರೆಯುವುದಕ್ಕೆ ಸುಲಭ, ಒಂದರ ಆಕಾರದಿಂದ ಇನ್ನೊಂದು ಹುಟ್ಟುತ್ತದೆ. ಆ ಐದರಲ್ಲಿಯೇ ಸರ, ದರ, ಅರಸ, ಅಗಸ, ಗರಗಸ ಎಲ್ಲ ಬಂದುಬಿಡುತ್ತವೆ. ನಾನು ಡಲ್ಲಾಸಿನ ಮಕ್ಕಳಿಗೆ ಹೀಗೆಯೇ ಕಲಿಸಿದೆ. ಮೂರನೆಯ ಭಾನುವಾರ ಅವರು ‘ಗರಗಸ’ ಎಂಬುದನ್ನು ತಾವಾಗಿ ಓದಿದರು. ಗರಗಸವೆಂದರೇನೆಂದು ಅವರಿಗೆ ಗೊತ್ತಿರಲಿಲ್ಲ, ಆ ಮಾತು ಬೇರೆ. ಒಬ್ಬಳ ತಂದೆ ಗ್ಯಾರೇಜಿನಿಂದ ಒಂದನ್ನು ತಂದು ತೆರೆಯ ಮುಂದೆ ಹಿಡಿದರು.

ಫಿನ್ನಿಷ್ ಕಲಿಸುವವರ ಕಷ್ಟಗಳನ್ನು ಓದುವಾಗ ನನಗೆ ನಮ್ಮ ತರಗತಿಯೇ ನೆನಪಾಗುತ್ತದೆ. ಅವರಲ್ಲಿ ‘ತಲೊ’ ಎಂದರೆ ಮನೆ. ಮನೆಯಲ್ಲಿ ಎನ್ನುವುದಕ್ಕೆ ‘ತಲೊಸ್ಸ’, ಮನೆಯಿಂದ ಎನ್ನುವುದಕ್ಕೆ ‘ತಲೊಸ್ತ’, ಮನೆಗೆ ಎನ್ನುವುದಕ್ಕೆ ‘ತಲೋನ್’. ನಮ್ಮಂತೆಯೇ ಪ್ರತ್ಯಯವನ್ನು ಬಾಲಕ್ಕೆ ಅಂಟಿಸುವ ಭಾಷೆ. ವಿಭಕ್ತಿಗಳು ಮಾತ್ರ ಹದಿನೈದು. ‘ತುಲಿ’ ಎಂದರೆ ಬೆಂಕಿ, ‘ತೂಲಿ’ ಎಂದರೆ ಗಾಳಿ, ‘ತುಲ್ಲಿ’ ಎಂದರೆ ಸುಂಕ. ಕಡು, ಕಾಡು, ಕಟು, ಕಟ್ಟು ಎಂದು ನಾವು ಹೇಳಿಸುವ ಹಾಗೆ. ಕಾಲ್ಡ್‌ವೆಲ್ 1856ರ ತನ್ನ ದ್ರಾವಿಡ ವ್ಯಾಕರಣದಲ್ಲಿ ಈ ಹೋಲಿಕೆಗಳನ್ನು ಕಂಡು, ದ್ರಾವಿಡಕ್ಕೂ ಉತ್ತರದ ಆ ಭಾಷೆಗಳಿಗೂ ನಂಟಿರಬೇಕೆಂದು ಊಹಿಸಿದನು. ಇಂದಿನ ಪಂಡಿತರು ಅದನ್ನು ಒಪ್ಪುವುದಿಲ್ಲ. ನಂಟಿಲ್ಲದೆಯೂ ಇಬ್ಬರ ಮುಖ ಹೋಲುವುದುಂಟಷ್ಟೆ. ಬಂಧುವಾಚಕಗಳಲ್ಲಿಯೂ ಒಂದು ಸ್ವಾರಸ್ಯವಿದೆ. ತಂದೆಯ ಸೋದರ ಅವರಿಗೆ ‘ಸೆತ’, ತಾಯಿಯ ಸೋದರ ‘ಎನೊ’. ಚಿಕ್ಕಪ್ಪನೂ ಸೋದರಮಾವನೂ ಬೇರೆ ಬೇರೆ ಎಂಬ ತಿಳಿವಳಿಕೆ ಅವರಿಗೂ ಇದೆ. ಇಂಗ್ಲಿಷಿನ ‘ಅಂಕಲ್’ ಎಂಬ ಒಂದೇ ಗೋಣಿಚೀಲದಲ್ಲಿ ದೊಡ್ಡಪ್ಪ, ಚಿಕ್ಕಪ್ಪ, ಮಾವ, ಪಕ್ಕದ ಮನೆಯವ, ಟ್ಯಾಕ್ಸಿಯವ ಎಲ್ಲರನ್ನೂ ತುಂಬುವುದನ್ನು ಕಲಿತ ಮಗುವಿಗೆ, ಮಾವನೆಂದರೆ ಯಾರು ಎಂದು ತಿಳಿಸಲು ನನಗೆ ಎರಡು ಭಾನುವಾರ ಬೇಕಾಯಿತು. ವಂಶವೃಕ್ಷ ಬರೆಯಿಸಿದೆ. ಅದನ್ನು ಬರೆಯುವಾಗ ಆ ಮಕ್ಕಳು ತಮ್ಮ ತಂದೆತಾಯಿಗಳನ್ನು ಕೇಳಿದ ಪ್ರಶ್ನೆಗಳಿಗೆ, ತಂದೆತಾಯಿಗಳು ಊರಿಗೆ ಫೋನು ಮಾಡಿ ಉತ್ತರ ತಿಳಿಯಬೇಕಾಯಿತಂತೆ.

ಅಕ್ಷರ ಕಲಿತ ಮೇಲೆ ಮೊದಲನೆಯವಳು ಹೊಸದುರ್ಗದ ಬಳಿಯ ಹಳ್ಳಿಯಲ್ಲಿರುವ ತನ್ನ ಅಜ್ಜಿಗೆ ಒಂದು ಕಾಗದ ಬರೆದಳು. ವಾಟ್ಸಾಪಿನಲ್ಲಿ ಅಲ್ಲ, ನಿಜವಾದ ಕಾಗದದ ಮೇಲೆ. ನನ್ನ ಹಟ ಅದು. ಕಾಗದ ಬಂದಿತು. ಅಜ್ಜಿಗೆ ಓದು ಬರದು. ಆಕೆಯ ಮೈದುನನ ಮಗ ಕಾರಿನಲ್ಲಿ ಹೊಳಲ್ಕೆರೆಗೆ ಕರೆತಂದ. ಎಪ್ಪತ್ತೆಂಟು ವರ್ಷದ ಹೆಂಗಸು, ಸೆರಗಿನಲ್ಲಿ ಸುತ್ತಿದ ಲಕೋಟೆಯನ್ನು ಬಿಚ್ಚಿ ನನ್ನ ಮುಂದಿಟ್ಟು ‘ಓದಿ ಮೇಷ್ಟ್ರೆ’ ಎಂದಳು. ಓದಿದೆ. ಅಜ್ಜಿ, ನೀವು ಹೇಗಿದ್ದೀರಿ, ನಾನು ಚೆನ್ನಾಗಿದ್ದೇನೆ, ನಮ್ಮ ಮನೆಯ ಮುಂದೆ ಒಂದು ಮರವಿದೆ, ಮರದಲ್ಲಿ ಅಳಿಲು ಇದೆ ಎಂದಿತ್ತು. ಅಜ್ಜಿ ಸ್ವಲ್ಪ ಹೊತ್ತು ಮಾತಾಡಲಿಲ್ಲ. ಆಮೇಲೆ, ‘ಕೂಸು ನನ್ನ ನೀವು ಅಂತೈತಲ್ಲ ಮೇಷ್ಟ್ರೆ, ನಾನೇನು ಅದಕ್ಕೆ ಹೊರಗಿನೋಳಾ?’ ಎಂದಳು.

ಈ ಪ್ರಶ್ನೆ ಪಠ್ಯಪುಸ್ತಕ ಬರೆಯುವ ಎಲ್ಲರಿಗೂ ಸಂಬಂಧಿಸಿದ್ದು. ಹಿರಿಯರನ್ನು ಬಹುವಚನದಿಂದ ಕರೆಯಬೇಕೆಂಬುದು ಪಟ್ಟಣದ ಓದಿದ ಮನೆಗಳ ಶಿಷ್ಟಾಚಾರ. ನಮ್ಮ ಹಳ್ಳಿಗಳಲ್ಲಿ ಅಮಲ್ದಾರರಿಗೆ ‘ನೀವು’, ಮೇಷ್ಟರಿಗೆ ‘ನೀವು’. ಅವ್ವನಿಗೆ, ಅಜ್ಜಿಗೆ, ಮನೆದೇವರಿಗೆ ‘ನೀನು’. ಬಹುವಚನದಲ್ಲಿ ಗೌರವವಿದೆ, ದೂರವೂ ಇದೆ. ಹೊರನಾಡಿನಲ್ಲಿ ಕಲಿಸುವ ಕನ್ನಡ ಬಹುಮಟ್ಟಿಗೆ ಮೈಸೂರು ಬೆಂಗಳೂರಿನ ಸಾಧುರೂಪ. ‘ಐತೆ’ ‘ಬಂದೈತೆ’ಗಳನ್ನು ತಿದ್ದಿ ‘ಇದೆ’ ‘ಬಂದಿದೆ’ ಮಾಡಿದ್ದು. ಸಾಧುರೂಪ ಬೇಡವೆಂದು ನಾನು ಹೇಳಲಾರೆ. ನಲವತ್ತು ಮಂದಿಯನ್ನು ಕೂಡಿಸಿ ಕಲಿಸುವಾಗ ಎಲ್ಲರಿಗೂ ಸಲ್ಲುವ ಒಂದು ರೂಪ ಬೇಕೇಬೇಕು. ಆದರೆ ಮಗು ಕನ್ನಡ ಕಲಿಯುವುದು ಯಾರೊಡನೆ ಆಡುವುದಕ್ಕೆ? ಕೆಲಸ ಹುಡುಕುವುದಕ್ಕಲ್ಲ, ಪರೀಕ್ಷೆಗೂ ಅಲ್ಲ. ಆ ಮಗುವಿನ ಬಾಳಿನಲ್ಲಿ ಕನ್ನಡವಿಲ್ಲದೆ ತಲಪಲಾಗದ ವ್ಯಕ್ತಿ ಬಹುಶಃ ಒಬ್ಬಳೇ: ಈ ಅಜ್ಜಿ. ಆಕೆ ಇರುವ ವರ್ಷಗಳು ಕೆಲವೇ.

ಮುಂದಿನ ಭಾನುವಾರ ಪಾಠ ಬದಲಾಯಿತು. ಅಜ್ಜಿ ಹೇಳಿ ಬರೆಯಿಸಿದ ಉತ್ತರದಲ್ಲಿ ‘ಅಲ್ಲೂ ಅಳಿಲೈತಾ? ಏನ್ ತಿಂತೈತೆ?’ ಎಂದಿತ್ತು, ಅದನ್ನು ಹಾಗೆಯೇ ಓದಿಸಿದೆ. ಇದು ತಪ್ಪಲ್ಲವೇ ಎಂದಳು ಹುಡುಗಿ. ತಪ್ಪಲ್ಲ, ನಿಮ್ಮ ಊರಿನ ಮಾತು ಎಂದೆ. ‘ನಮ್ಮ ಊರು’ ಎಂದರೆ ಡಲ್ಲಾಸ್ ಎಂದುಕೊಂಡು ಆಕೆ ಗಲಿಬಿಲಿಗೊಂಡದ್ದನ್ನು ಬಿಡಿಸುವುದಕ್ಕೆ ಇನ್ನೂ ಐದು ನಿಮಿಷ ಹಿಡಿಯಿತು.

ಡಿಸೆಂಬರಿನಲ್ಲಿ ಅವರೆಲ್ಲ ಬಂದಾಗ ದುರ್ಗದ ಕೋಟೆಗೆ ಕರೆದೊಯ್ದೆ. ಓಬವ್ವನ ಕಿಂಡಿಯ ಬಳಿ ನಿಂತ ಮಕ್ಕಳಿಗೆ ಕತೆ ಮೊದಲೇ ಗೊತ್ತಿತ್ತು. 1972ರ ‘ನಾಗರಹಾವು’ ಚಿತ್ರದ ಹಾಡನ್ನು ಕಡಲಾಚೆಯ ಕನ್ನಡ ಮಕ್ಕಳೂ ಕಂಡಿರುತ್ತಾರೆ; ತ.ರಾ.ಸು. ಅವರ ಹೆಸರು ಮಾತ್ರ ಕೇಳಿರುವುದಿಲ್ಲ. ಹೈದರಾಲಿ, 1779ರ ಪತನ, ಮದಕರಿ ನಾಯಕ ಎಲ್ಲವನ್ನೂ ಹೇಳುತ್ತಿದ್ದಂತೆ ಹುಡುಗಿ ಕೇಳಿದಳು: ‘ಓಬವ್ವ ಮನೆಯಲ್ಲಿ ಯಾವ ಭಾಷೆ ಮಾತಾಡುತ್ತಿದ್ದಳು?’

ನಲವತ್ತು ವರ್ಷ ದುರ್ಗದ ಸೀಮೆಯಲ್ಲಿ ಪಾಠ ಹೇಳಿದ ನನ್ನನ್ನು ಇಲ್ಲಿಯ ಯಾವ ವಿದ್ಯಾರ್ಥಿಯೂ ಈ ಪ್ರಶ್ನೆ ಕೇಳಿರಲಿಲ್ಲ. ಎರಡು ಭಾಷೆಗಳ ನಡುವೆ ಬೆಳೆಯುವ ಮಗುವಿಗೆ ಮಾತ್ರ ಇದು ಹೊಳೆಯುತ್ತದೆಂದು ತೋರುತ್ತದೆ. ಓಬವ್ವನ ಮನೆಮಾತು ಕನ್ನಡವೇ ಇದ್ದಿರಬೇಕೆಂದು ಹೇಳಿದೆ. ಆದರೆ ಪ್ರಶ್ನೆ ಅಲ್ಲಿಗೆ ನಿಲ್ಲುವಂಥದಲ್ಲ. ಈ ಜಿಲ್ಲೆಯ ಮ್ಯಾಸಬೇಡರಲ್ಲಿ ತೆಲುಗನ್ನು ಮನೆಮಾತಾಗಿ ಆಡುವವರಿದ್ದಾರೆ. ಕಾಡುಗೊಲ್ಲರ ಹಟ್ಟಿಗಳಲ್ಲಿ ಕನ್ನಡವಿದೆ, ಪೇಟೆಯ ಬೀದಿಗಳಲ್ಲಿ ಉರ್ದುವಿದೆ. ಕೋಟೆಯ ಬುಡದಲ್ಲಿರುವ ಚಂದ್ರವಳ್ಳಿಗೆ ಇಳಿದು ಹೋದರೆ ಕದಂಬ ಮಯೂರಶರ್ಮನ ಶಾಸನವಿದೆ. ನಾಲ್ಕನೆಯ ಶತಮಾನದ್ದು, ಕೆರೆಯ ವಿಷಯ. ಕನ್ನಡಿಗರ ಮೊದಲ ರಾಜವಂಶದ ಆ ಶಾಸನದ ಭಾಷೆ ಪ್ರಾಕೃತ. ಆ ಪ್ರಾಕೃತವನ್ನು ಇಂದು ದುರ್ಗದಲ್ಲಿ ಯಾರೂ ಆಡುವುದಿಲ್ಲ. ಬಂಡೆಯ ಮೇಲೆ ಬರೆದರೂ ಒಂದು ಮಾತು ಉಳಿಯಲಿಲ್ಲವೆಂದು ಮಕ್ಕಳಿಗೆ ತೋರಿಸುವುದಕ್ಕೆ ಇದಕ್ಕಿಂತ ಒಳ್ಳೆಯ ಸ್ಥಳ ಸಿಗಲಾರದು.

ಬಂಡೆಯ ಮೇಲೆ ಬರೆಯದೆಯೇ ಉಳಿದದ್ದೂ ಉಂಟು. ಫಿನ್ನರು ತಮ್ಮ ಮಕ್ಕಳಿಗೆ ಹೇಳಿಕೊಡುವ ‘ಕಲೇವಾಲ’ವನ್ನು ಎಲಿಯಾಸ್ ಲೋನ್‌ರೂತ್ ಎಂಬ ವೈದ್ಯನು ಕರೇಲಿಯದ ಹಳ್ಳಿಗಳನ್ನು ಸುತ್ತಿ, ಅಕ್ಷರ ಬಾರದ ಹಾಡುಗಾರರಿಂದ ಸಂಗ್ರಹಿಸಿ 1835ರಲ್ಲಿ ಪ್ರಕಟಿಸಿದನು. 1849ರ ವಿಸ್ತೃತ ರೂಪದಲ್ಲಿ 22,795 ಸಾಲುಗಳಿವೆ. ಆ ದೇಶದ ವಿದ್ವಾಂಸ ಲೌರಿ ಹೊಂಕೊ ನಮ್ಮ ನಾಡಿಗೇ ಬಂದು, 1990ರ ಡಿಸೆಂಬರಿನಲ್ಲಿ ಗೋಪಾಲ ನಾಯ್ಕರ ಬಾಯಿಂದ ತುಳುವಿನ ಸಿರಿ ಮಹಾಕಾವ್ಯವನ್ನು ಧ್ವನಿಮುದ್ರಿಸಿಕೊಂಡರು. ವಿವೇಕ ರೈ, ಚಿನ್ನಪ್ಪ ಗೌಡರ ಜೊತೆಗೂಡಿ 15,683 ಸಾಲುಗಳ ಆ ಪಠ್ಯ 1998ರಲ್ಲಿ ಹೆಲ್ಸಿಂಕಿಯಲ್ಲಿ ಅಚ್ಚಾಯಿತು. ನಮ್ಮ ಜಿಲ್ಲೆಯ ಗೊಲ್ಲರಹಟ್ಟಿಯ ಸಿರಿಯಜ್ಜಿ ನೆನಪಿನಲ್ಲಿಯೇ ಇಟ್ಟುಕೊಂಡಿದ್ದ ಹಾಡುಗಳನ್ನು ಕೃಷ್ಣಮೂರ್ತಿ ಹನೂರರು ಬರೆದುಕೊಂಡು ಪುಸ್ತಕ ಮಾಡಿದರು. ಹೊರನಾಡಿನ ತರಗತಿಗಳ ಪಠ್ಯಗಳಲ್ಲಿ ಪಂಪ ಕುಮಾರವ್ಯಾಸರ ಚಿತ್ರಗಳಿರುತ್ತವೆ. ಅಕ್ಷರವಿಲ್ಲದ ಈ ಅಜ್ಜಿಯ ವಿಷಯ ಇದ್ದದ್ದನ್ನು ನಾನು ಕಂಡಿಲ್ಲ. ತನ್ನ ಅಜ್ಜಿಗೆ ಓದು ಬಾರದೆಂದು ನಾಚುವ ಮಗುವಿಗೆ ಮೊದಲು ಹೇಳಬೇಕಾದ ಹೆಸರು ಅದು.

ಸಾಣೇಹಳ್ಳಿಗೂ ಹೋಗಿದ್ದೆವು. ಹೊಸದುರ್ಗ ತಾಲ್ಲೂಕಿನ ಆ ಸಣ್ಣ ಊರಿನಿಂದ 1997ರಿಂದ ‘ಶಿವಸಂಚಾರ’ ತಂಡ ನಾಟಕಗಳನ್ನು ಹೊತ್ತು ನಾಡೆಲ್ಲ ತಿರುಗುತ್ತಿದೆ. ನಾಟಕದಲ್ಲಿ ಮಕ್ಕಳಿಗೆ ಅರ್ಧ ಮಾತು ತಿಳಿಯಲಿಲ್ಲ. ಆದರೂ ಮನೆಗೆ ಬರುವ ದಾರಿಯಲ್ಲಿ ವೇಷಧಾರಿಯ ಗತ್ತಿನಲ್ಲಿ ‘ಎಲವೋ!’ ಎಂದು ಒಬ್ಬರನ್ನೊಬ್ಬರು ಕರೆಯುತ್ತಿದ್ದರು. ನನ್ನ ಪಾಠದಲ್ಲಿ ಎರಡು ವರ್ಷ ಕಲಿತರೂ ‘ಳ’ಕಾರ ‘ಲ’ಕಾರವಾಗಿಯೇ ಉಳಿದಿದ್ದ ಒಬ್ಬ ಹುಡುಗ ಆ ಸಂಜೆ ‘ಹೇಳೆಲವೋ’ ಎಂದು ಸ್ಪಷ್ಟವಾಗಿ ಕೂಗಿದ. ವ್ಯಾಕರಣಕ್ಕೆ ಆಗದ್ದು ಆಟಕ್ಕೆ ಆಯಿತು.

ಒಂದು ಮಾತು ಹೇಳದೆ ಬಿಡಲಾರೆ. ಈ ಮಕ್ಕಳ ಕನ್ನಡದ ಬಗ್ಗೆ ನಮ್ಮೂರಿನ ದೊಡ್ಡವರು ಮರುಗುತ್ತಾರೆ. ಆದರೆ ದುರ್ಗದ ಪೇಟೆಯಲ್ಲಿಯೇ ಹುಟ್ಟಿ ಬೆಳೆದ ಹುಡುಗನಿಗೆ ‘ಮೂವತ್ತೊಂಬತ್ತು ರೂಪಾಯಿ’ ಎಂದರೆ ಅಂಗಡಿಯವನು ಅದನ್ನು ಇಂಗ್ಲಿಷಿನಲ್ಲಿ ಮತ್ತೆ ಹೇಳಬೇಕಾಗಿದೆ. ಕನ್ನಡವನ್ನು ಎಲ್ಲ ಶಾಲೆಗಳಲ್ಲಿ ಕಲಿಸಬೇಕೆಂದು 2015ರಲ್ಲಿ ಕಾಯಿದೆ ಬಂದಿದೆ. ಕಾಯಿದೆ ಪುಸ್ತಕವನ್ನು ಚೀಲಕ್ಕೆ ಸೇರಿಸಬಲ್ಲದು. ಮತ್ತೊಂದು ಸಂಗತಿ ಇದಕ್ಕಿಂತ ಕಹಿಯಾದದ್ದು. ಹೊಳಲ್ಕೆರೆ ತಾಲ್ಲೂಕಿನ ತಾಂಡಾಗಳಿಂದ ಲಂಬಾಣಿ ಮಕ್ಕಳು ನನ್ನ ತರಗತಿಗೆ ಬರುತ್ತಿದ್ದರು. ಮನೆಯಲ್ಲಿ ಲಂಬಾಣಿ, ಶಾಲೆಯಲ್ಲಿ ಕನ್ನಡ, ಸುಗ್ಗಿ ಮುಗಿದೊಡನೆ ತಂದೆತಾಯಿಗಳ ಜೊತೆ ಕಾಫಿ ತೋಟದ ಕಡೆಗೆ. ಅವರ ಮಾತಿಗೆ ತನ್ನದೇ ಲಿಪಿಯಿಲ್ಲ. ಜನಗಣತಿಯ ಲೆಕ್ಕದಲ್ಲಿ ಅದನ್ನು ಹಿಂದಿಯ ಕೆಳಗೆ ಸೇರಿಸಿಬಿಟ್ಟಿದ್ದಾರೆ. ಡಲ್ಲಾಸಿನಲ್ಲಿ ಕನ್ನಡದ ಮಗುವಿಗೆ ಆಗುವುದೇ ಇಲ್ಲಿ ಆ ಮಗುವಿಗೆ ಆಗುತ್ತದೆ. ವ್ಯತ್ಯಾಸವೆಂದರೆ, ಇಲ್ಲಿ ನುಂಗುವ ಭಾಷೆ ನಮ್ಮದು.

ಆ ಮಕ್ಕಳಲ್ಲೊಬ್ಬ ಈಗ ಸ್ವತಃ ಪ್ರಾಥಮಿಕ ಶಾಲೆಯ ಉಪಾಧ್ಯಾಯ. ತನ್ನ ತಾಯಿ ಹೇಳುವ ಹಾಡುಗಳನ್ನೂ ಮದುವೆಯ ಮಾತುಗಳನ್ನೂ ಕನ್ನಡ ಲಿಪಿಯಲ್ಲಿ ಬರೆದಿಟ್ಟುಕೊಳ್ಳುತ್ತಿದ್ದಾನೆ. ಎರಡು ನೂರು ಪುಟದ ನೋಟುಪುಸ್ತಕಗಳು ಎರಡು ತುಂಬಿವೆ, ಮೂರನೆಯದು ನಡೆಯುತ್ತಿದೆ. ಭಾನುವಾರ ಸಂಜೆ ಆರಕ್ಕೆ ಬಂದು ಒಂದೊಂದು ಹಾಡನ್ನು ನನಗೆ ಓದಿ, ಕನ್ನಡದಲ್ಲಿ ಅರ್ಥ ಹೇಳುತ್ತಾನೆ. ಹಿಂದಿನ ವಾರ ಹಾಡು ಉದ್ದವಾಯಿತು. ಮೊಬೈಲು ಗುಣುಗುಟ್ಟಿದಾಗ ಅವನಿನ್ನೂ ಓದುತ್ತಲೇ ಇದ್ದ. ಕರೆ ತೆಗೆದೆ. ಅತ್ತ ಕಡೆ ಆರು ಮಕ್ಕಳು ಸುಮ್ಮನೆ ಕುಳಿತು ಹಾಡನ್ನು ಕೊನೆಯವರೆಗೂ ಕೇಳಿದರು. ಆಮೇಲೆ ಹುಡುಗಿ, ಅಳಿಲಿಗೆ ಆ ಭಾಷೆಯಲ್ಲಿ ಏನೆನ್ನುತ್ತಾರೆಂದು ಕೇಳಿದಳು. ಅವನು ಹೇಳಿದ. ಆರು ಮಂದಿಯೂ ಅದನ್ನು ಕನ್ನಡದ ಅಕ್ಷರಗಳಲ್ಲಿ ತಮ್ಮ ತಮ್ಮ ಪುಸ್ತಕಗಳಲ್ಲಿ ಬರೆದುಕೊಂಡರು. ನಾಲ್ವರದು ಸರಿಯಿತ್ತು, ಇಬ್ಬರದನ್ನು ಅವನೇ ತಿದ್ದಿದ.